ತೂತಿನ ಡಿಸ್ಕ್‌ಗೆ ಸಿಕ್ಕ ಮರ್ಯಾದೆ, ಬ್ರೇಕ್ ಆಯಿಲ್‌ಗೆ ಸಿಗಲಿಲ್ಲ

ಕಾರಿನ ಬ್ರೇಕ್ ಕೆಲಸವನ್ನು ತಾವೇ ಮಾಡಿಕೊಳ್ಳುವ ಹವ್ಯಾಸಿಗಳಲ್ಲಿ ತೂತು ಕೊರೆದ ಡಿಸ್ಕ್‌ಗೆ ಇರುವ ಹೆಸರು ಅದರ ಯೋಗ್ಯತೆಗೆ ಮೀರಿದ್ದು. ಕೆಂಪು ಕ್ಯಾಲಿಪರ್, ಅಲಾಯ್ ವೀಲಿನ ಸಂದಿಯಲ್ಲಿ ಮಿನುಗುವ ತೂತುಗಳು ಬಂದವೆಂದರೆ ಬ್ರೇಕ್ ಸುಧಾರಿಸಿತು ಎಂದೇ ಲೆಕ್ಕ. ಅಂಥ ಎಷ್ಟೋ ಕಾರುಗಳ ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಕಪ್ಪು ಕಷಾಯವಾಗಿರುತ್ತದೆ.

ತೂತುಗಳು ಬಂದದ್ದು ರೇಸಿನಿಂದ. ಪೋರ್ಷೆ 917ರ ಕಾಲದ ಪ್ಯಾಡುಗಳು ಕಾದಾಗ ಅನಿಲ ಬಿಡುತ್ತಿದ್ದವು. ಅದು ಹೊರಹೋಗಲು ದಾರಿ ಬೇಕಿತ್ತು, ಡಿಸ್ಕಿನ ತೂಕವೂ ಇಳಿಯಬೇಕಿತ್ತು. ಇಂದಿನ ಪ್ಯಾಡುಗಳಲ್ಲಿ ಆ ತೊಂದರೆ ತೀರಾ ಕಡಿಮೆ. ಉಳಿದದ್ದು ನಷ್ಟವೇ: ಶಾಖ ಹೀರಬೇಕಾದ ಲೋಹ ಅಷ್ಟು ಕಡಿಮೆಯಾಗುತ್ತದೆ, ಮತ್ತೆ ಮತ್ತೆ ಕಾದು ತಣಿದಾಗ ತೂತಿನ ಅಂಚಿನಿಂದಲೇ ಬಿರುಕು ಹೊರಡುತ್ತದೆ. ಒಮ್ಮೆ ಜೋರಾಗಿ ಒತ್ತಿದಾಗ ಎಬಿಎಸ್ ಕೆಲಸಕ್ಕಿಳಿಯಿತು ಎಂದರೆ ಟೈರಿನ ಹಿಡಿತ ಅಲ್ಲಿಗೆ ಮುಗಿದಿರುತ್ತದೆ. ದೊಡ್ಡ ಡಿಸ್ಕ್ ಹಾಕಿ ಕಾರು ನಿಲ್ಲುವ ದೂರವನ್ನು ಕಡಿಮೆ ಮಾಡಲಾಗದು.

ಈ ಮೋಹಕ್ಕೆ ಕಾರು ವಿಮರ್ಶಕರದೂ ಪಾಲಿದೆ. ಹಿಂದಿನ ಚಕ್ರಕ್ಕೆ ಡ್ರಮ್ ಕಂಡರೆ ಸಾಕು, ಕಂಪನಿ ಜಿಪುಣತನ ಮಾಡಿತು ಎಂದು ಬರೆಯುವುದು ಅವರಿಗೆ ರೂಢಿಯಾಗಿದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಸಣ್ಣ ಕಾರಿನಲ್ಲಿ ಹಿಂದಿನ ಚಕ್ರದ ಪಾಲು ಕಡಿಮೆ. ಅಷ್ಟಕ್ಕೆ ಡ್ರಮ್ ಸಾಕು. ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ಎಲೆಕ್ಟ್ರಿಕ್ ಕಾರುಗಳಿಗೆ ಹಿಂದೆ ಡ್ರಮ್ಮನ್ನೇ ಕೊಟ್ಟಿತು. ಮೋಟಾರೇ ವೇಗ ತಗ್ಗಿಸುವ ಕಾರಿನಲ್ಲಿ ಹಿಂದಿನ ಬ್ರೇಕಿಗೆ ಕೆಲಸ ಕಡಿಮೆ, ಮುಚ್ಚಿದ ಡ್ರಮ್ಮಿಗೆ ತುಕ್ಕಿನ ಕಾಟವೂ ಕಡಿಮೆ. ವಿಮರ್ಶೆ ಓದಿ ಡ್ರಮ್ ಕಿತ್ತು ಡಿಸ್ಕ್ ಕೂರಿಸುವವರು ಹ್ಯಾಂಡ್‌ಬ್ರೇಕನ್ನೂ ಮುಂದೆ-ಹಿಂದಿನ ಒತ್ತಡದ ಹಂಚಿಕೆಯನ್ನೂ ಕೆಡಿಸಿಕೊಳ್ಳುತ್ತಾರೆ. ಬರೆದವರು ಇದರ ಹೊಣೆ ಹೊರಬೇಕು.

ಇನ್ನು ಆಯಿಲ್. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದು ಗಾಳಿಯ ತೇವ ಹೀರುವ ದ್ರವ, ನೀರಿನಂಶ ಶೇ. 3.7ರ ಸುಮಾರಿಗೆ ಬಂದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಆಗುಂಬೆಯಂಥ ಘಾಟಿಯನ್ನು ಟಾಪ್ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದರೆ ಹಳೆಯ ಆಯಿಲ್ ಕುದಿಯಬಹುದು. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ; ಪೆಡಲ್ ಮೆತ್ತಗೆ ಕೆಳಗಿಳಿದುಬಿಡುತ್ತದೆ. ಆಗ ಡಿಸ್ಕಿನ ತೂತುಗಳಿಂದ ಏನೂ ಆಗದು.

ಆಯಿಲ್ ಬದಲಿಸುವುದು ಇಬ್ಬರ ಕೆಲಸ. ಒಬ್ಬರು ಸೀಟಿನಲ್ಲಿ, ಇನ್ನೊಬ್ಬರು ಚಕ್ರದ ಬಳಿ. ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಪೈಪು, ಅದರ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಬೇಕು. 'ಒತ್ತು' ಎಂದಾಗ ಪೆಡಲ್ ಒತ್ತಿ ಹಿಡಿಯಬೇಕು, ನಿಪ್ಪಲ್ ಸಡಿಲಿಸಿದಾಗ ಕಪ್ಪು ಆಯಿಲ್ ಗುಳ್ಳೆಗಳೊಂದಿಗೆ ಹೊರಬರುತ್ತದೆ. ನಿಪ್ಪಲ್ ಬಿಗಿಯಾದ ಮೇಲೆಯೇ 'ಬಿಡು'. ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಸೇರುತ್ತದೆ. ಹಳೆಯ ಕಾರಿನಲ್ಲಿ ಪೆಡಲ್ಲನ್ನು ತಳಮುಟ್ಟ ಒತ್ತಬಾರದು: ಮಾಸ್ಟರ್ ಸಿಲಿಂಡರಿನಲ್ಲಿ ಎಂದೂ ಬಳಕೆಯಾಗದ, ಕೊಳೆ ಕಟ್ಟಿದ ಭಾಗದ ಮೇಲೆ ಉಜ್ಜಿ ಸೀಲು ಹರಿಯಬಹುದು. ಪೆಡಲ್ ಕೆಳಗೊಂದು ಮರದ ತುಂಡು ಇಟ್ಟರೆ ಆಯಿತು. ಕೆಲಸದುದ್ದಕ್ಕೂ ಬಾನೆಟ್ಟಿನಡಿಯ ಆಯಿಲ್ ಡಬ್ಬಿಯ ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿಳಿಯಬಾರದು.

ಮನೆಯವರು ಬ್ರೇಕ್ ಮುಟ್ಟಲೇಬಾರದು ಎನ್ನುವ ವರ್ಕ್‌ಶಾಪ್ ವಾದದಲ್ಲಿ ಒಂದಿಷ್ಟು ಹುರುಳಿದೆ: ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕರೆ ಸ್ಕ್ಯಾನರ್ ಬೇಕಾಗಬಹುದು, ಬರೀ ಜಾಕಿ ನಂಬಿ ಕಾರಿನಡಿ ಕೈಹಾಕುವುದಂತೂ ಪ್ರಾಣಕ್ಕೇ ಅಪಾಯ. ಆದರೆ ಸ್ಟ್ಯಾಂಡ್ ಕೊಟ್ಟು, ಕಾರಿನ ಕೈಪಿಡಿ ಹೇಳಿದ ಆಯಿಲ್ ತಂದು, ಅದು ಹೇಳಿದ ಸರದಿಯಲ್ಲಿ ನಾಲ್ಕೂ ಚಕ್ರ ಮುಗಿಸುವ ಕೆಲಸ ತಾಳ್ಮೆಯಿರುವ ಯಾರ ಕೈಗೂ ನಿಲುಕುತ್ತದೆ. ಬ್ರೇಕಿಗೆ ಹಣ ಹಾಕುವ ಮನಸ್ಸಿದ್ದವರು ಮೊದಲು ಆಯಿಲ್, ಆಮೇಲೆ ಒಳ್ಳೆಯ ಪ್ಯಾಡು ಮತ್ತು ಟೈರು ಕೊಳ್ಳಲಿ. ತೂತಿನ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಲಿ.