ಮುದ್ದೆಯ ಹದ

ರಾಗಿ ಮುದ್ದೆಗೆ ಬೇಕಾದದ್ದು ಹಿಟ್ಟು, ನೀರು, ಒಂದು ಕೋಲು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮನೆಗಳಲ್ಲಿ ಇದು ದಿನದ ಊಟ. ಹದ ಮಾತ್ರ ನೋಡಿ, ಮಾಡಿ ಕಲಿಯುವಂಥದ್ದು. ಗೋಧಿಯಲ್ಲಿರುವ ಗ್ಲುಟೆನ್ ರಾಗಿಯಲ್ಲಿಲ್ಲ. ಬ್ರೆಡ್ಡಿನ ಹಿಟ್ಟಿನ ಹಾಗೆ ಅದನ್ನು ನಾದಿ ಉಬ್ಬಿಸಲಾಗದು. ರಾಗಿಯನ್ನು ಹಿಡಿದಿಡುವುದು ಬಿಸಿನೀರಿನಲ್ಲಿ ಬೆಂದು ಅಂಟಾಗುವ ಪಿಷ್ಟ. ಹಾಗಾಗಿ ಎಸರು ಚೆನ್ನಾಗಿ ಮರಳಲೇಬೇಕು.

ಒಂದು ಅಳತೆ ಹಿಟ್ಟಿಗೆ ಸುಮಾರು ಎರಡು ಅಳತೆ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಮೊದಲೇ ಎಸರಿಗೆ ಬಿಟ್ಟರೆ ಗಂಟು ಕಡಿಮೆ. ಎಸರು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಸಣ್ಣ ಉರಿಯಲ್ಲಿ ಬೇಯಲು ಬಿಡಬೇಕು. ಇಲ್ಲಿ ಅವಸರಪಟ್ಟರೆ ಮುದ್ದೆ ಹಸಿಯಾಗಿ ನಾಲಿಗೆಗೆ ಅಂಟುತ್ತದೆ. ಬೆಂದ ಮೇಲೆ ಪಾತ್ರೆ ಇಳಿಸಿ, ಅಲುಗದಂತೆ ಹಿಡಿದು, ಹಿಟ್ಟನ್ನು ಅಂಚಿಗೆ ಒತ್ತಿ ಒತ್ತಿ ತೊಳಸಬೇಕು. ಇದು ರಟ್ಟೆಯ ಕೆಲಸ; ಮುದ್ದೆಯ ನಿಜವಾದ ಕಸುಬು ಇರುವುದೂ ಇಲ್ಲೇ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ ಎಂದರ್ಥ.

ನೀರು ಮುಟ್ಟಿದ ಕೈಯಲ್ಲಿ ಬಿಸಿಯಿರುವಾಗಲೇ ಉರುಳಿಸಿದರೆ ಮೈ ನುಣ್ಣಗೆ, ಹೊಳಪಾಗಿ ಬರುತ್ತದೆ. ಹುರುಳಿ ಸಾರಿನ ಜೊತೆ ಇಂಥ ಮುದ್ದೆಗೆ ಸಾಟಿಯಿಲ್ಲ. ಆರಿದರೆ ಗಟ್ಟಿಯಾಗುತ್ತದೆ, ಬಿಸಿಬಿಸಿಯಾಗಿಯೇ, ಜಗಿಯದೆ ನುಂಗಬೇಕು.