ನಾಣ್ಯವೂ ಕಾವ್ಯವೂ: ಅಡಿಸನ್ನನ ಸಂವಾದಗಳ ಪರಾಮರ್ಶೆ

ಆಂಗ್ಲ ಗದ್ಯಲೇಖಕರಲ್ಲಿ ಪ್ರಖ್ಯಾತನಾದ ಜೋಸೆಫ್ ಅಡಿಸನ್ನನು (1672–1719) ಪ್ರಾಚೀನ ಪದಕಗಳ ಪ್ರಯೋಜನವನ್ನು ಕುರಿತು ಮೂರು ಸಂವಾದಗಳನ್ನು ರಚಿಸಿದನು. ಅವು ಆತನ ಮರಣಾನಂತರ 1721ರಲ್ಲಿ ಪ್ರಕಟವಾದುವು. ಅಂದಿನವರು ರೋಮನ್ ನಾಣ್ಯಗಳನ್ನೂ ಪದಕಗಳೆಂದೇ ವ್ಯವಹರಿಸುತ್ತಿದ್ದರು. ನಾಣ್ಯಸಂಗ್ರಹವು ತುಕ್ಕಿನ ಮೇಲಣ ವ್ಯಾಮೋಹವೆಂದು ಸಿಂಥಿಯೊ ಹಾಸ್ಯಮಾಡುವನು. ಫಿಲ್ಯಾಂಡರನು ಲ್ಯಾಟಿನ್ ಕವಿಗಳನ್ನು ಮುಂದಿಟ್ಟು ಸಮಾಧಾನ ಹೇಳುವನು. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷ ಸಿದ್ಧಾಂತಗಳ ಕ್ರಮವೇ ಇಲ್ಲಿಯೂ ಕಾಣುವುದು.

ಈ ಗ್ರಂಥದ ಗುಣವನ್ನು ಮೊದಲು ಹೇಳತಕ್ಕದ್ದು. ರೋಮನರು ಆಶೆ, ಶಾಂತಿ, ಅದೃಷ್ಟ ಮೊದಲಾದ ಭಾವಗಳನ್ನು ಸ್ತ್ರೀರೂಪದಲ್ಲಿ ನಾಣ್ಯಗಳ ಹಿಂಬದಿಯಲ್ಲಿ ಮುದ್ರಿಸಿದರು. ಆಶೆಯ ಕೈಯಲ್ಲಿ ಹೂ, ಶಾಂತಿಯ ಕೈಯಲ್ಲಿ ಆಲಿವ್ ಕೊಂಬೆ, ಅದೃಷ್ಟದೇವಿಯ ಬಳಿ ಹಡಗಿನ ಚುಕ್ಕಾಣಿ. ಈ ಲಾಂಛನಗಳನ್ನು ಬಲ್ಲವನಿಗೆ ಕವಿಯ ವಿಶೇಷಣಗಳು ಸುಲಭವಾಗಿ ತಿಳಿಯುವುವು. ಯೆರೂಸಲೇಮಿನ ಪತನದ (ಕ್ರಿ.ಶ. 70) ತರುವಾಯ ವೆಸ್ಪೇಸಿಯನ್ ಚಕ್ರವರ್ತಿಯು ಹೊರಡಿಸಿದ ನಾಣ್ಯದಲ್ಲಿ ಯೂದಾಯ ದೇಶವು ಖರ್ಜೂರದ ಮರದಡಿಯಲ್ಲಿ ಕುಳಿತು ಶೋಕಿಸುವ ಸ್ತ್ರೀಯಾಗಿದೆ. ಆ ಭಂಗಿಯನ್ನು ಅಡಿಸನ್ನನು ಯೆಹೂದ್ಯರ ಧರ್ಮಗ್ರಂಥದ ಬಲದಿಂದಲೇ ವಿವರಿಸುವನು. ಇದು ಉತ್ತಮ ವ್ಯಾಖ್ಯಾನದ ಲಕ್ಷಣ.

ಕಾವ್ಯದಿಂದ ನಾಣ್ಯವನ್ನೂ ನಾಣ್ಯದಿಂದ ಕಾವ್ಯವನ್ನೂ ವಿವರಿಸಿದರೆ ಅನ್ಯೋನ್ಯಾಶ್ರಯ ದೋಷವಲ್ಲವೇ ಎಂದು ತಾರ್ಕಿಕನು ಕೇಳಬಹುದು. ಅರ್ಥನಿರ್ಣಯದ ಮಟ್ಟಿಗೆ ಇದು ದೋಷವಲ್ಲ. ಎರಡೂ ಒಂದೇ ಸಂಕೇತವನ್ನು ಬಳಸುವುವು. ಆದರೆ ಫಿಲ್ಯಾಂಡರನು ಅಷ್ಟಕ್ಕೆ ನಿಲ್ಲುವುದಿಲ್ಲ. ಗ್ರಂಥಕಾರನಿಗಿಂತ ನಾಣ್ಯವೇ ಹೆಚ್ಚು ನಂಬಲರ್ಹವೆನ್ನುವನು. ಅಲ್ಲಿ ನುಡಿಯುವವನು ಸ್ವತಃ ಚಕ್ರವರ್ತಿ ಅಥವಾ ಸೆನೇಟ್ ಸಭೆ ಎಂಬುದು ಆತನ ಹೇತು. ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ನುಡಿಯುವವನು ಚಕ್ರವರ್ತಿ ಎಂಬುದೇ ಸಂಶಯಕ್ಕೆ ಕಾರಣ. ಮೀಮಾಂಸಕರು ಸ್ತುತಿವಾಕ್ಯವನ್ನು ಅರ್ಥವಾದವೆಂದು ಕರೆದು, ಅದರ ಅಕ್ಷರಾರ್ಥಕ್ಕೆ ಸ್ವತಂತ್ರ ಪ್ರಾಮಾಣ್ಯವನ್ನು ಒಪ್ಪುವುದಿಲ್ಲ. ಟಂಕಸಾಲೆಯ ಮುದ್ರೆಗೂ ಈ ನ್ಯಾಯವೇ ಸಲ್ಲತಕ್ಕದ್ದು.

ನಮ್ಮ ದೇಶದ ಉದಾಹರಣೆಯನ್ನೇ ನೋಡೋಣ. ಹರಿಷೇಣನು ಅಲಹಾಬಾದಿನ ಸ್ತಂಭಶಾಸನದಲ್ಲಿ ಸಮುದ್ರಗುಪ್ತನ ಸಂಗೀತವನ್ನು ತುಂಬುರು ನಾರದರ ಸಂಗೀತಕ್ಕಿಂತ ಮಿಗಿಲೆನ್ನುವನು. ಆ ದೊರೆಯ ಚಿನ್ನದ ನಾಣ್ಯದಲ್ಲಿ ಅವನು ಪೀಠದ ಮೇಲೆ ಕುಳಿತು ವೀಣೆ ನುಡಿಸುವನು. ಇವೆರಡೂ ಒಂದನ್ನೊಂದು ಬೆಳಗುವುವೆಂಬುದು ನಿಜ. ಆದರೆ ಸಾಕ್ಷಿಗಳು ಇಬ್ಬರಲ್ಲ, ಒಬ್ಬನೇ. ಎರಡೂ ಆಸ್ಥಾನದ ಧ್ವನಿ. ದೊರೆಯು ವೈಣಿಕನೆಂದು ಎನಿಸಿಕೊಳ್ಳಲು ಬಯಸಿದನೆಂಬುದು ಇದರಿಂದ ಸಿದ್ಧವಾಗುವುದು. ಅವನ ವಾದನದ ಮಹಿಮೆ ಸಿದ್ಧವಾಗುವುದಿಲ್ಲ.

ಇನ್ನೊಂದು ಅಪಾಯವೂ ಉಂಟು. ಪಾದುವಾ ನಗರದ ಜೊವಾನ್ನಿ ದ ಕವೀನೊ (1500–1570) ರೋಮನ್ ಕಂಚಿನ ನಾಣ್ಯಗಳನ್ನು ಅತಿ ಚತುರತೆಯಿಂದ ಅನುಕರಿಸಿದನು. ಕಾವ್ಯವನ್ನು ಬಲ್ಲವನು ಮಾಡಿದ ನಕಲು ಕಾವ್ಯಕ್ಕೆ ನಿಜವಾದ ನಾಣ್ಯಕ್ಕಿಂತಲೂ ಚೆನ್ನಾಗಿ ಹೊಂದೀತು! ಹೊಂದಿಕೆಯೊಂದೇ ಪ್ರಮಾಣವಾಗಲಾರದು.

ಹಾಗಾದರೆ ಪಕ್ಷಪಾತವಿಲ್ಲದ ಸಾಕ್ಷಿ ಯಾವುದು? ನಾಣ್ಯವು ದೊರೆತ ನೆಲ. ಚಿತ್ರದುರ್ಗದ ಸಮೀಪದ ಚಂದ್ರವಳ್ಳಿಯಲ್ಲಿ ತಿಬೇರಿಯಸ್ ಚಕ್ರವರ್ತಿಯ (ಕ್ರಿ.ಶ. 14–37) ಬೆಳ್ಳಿಯ ದಿನಾರವು ದೊರೆತಿದೆ. ಅಲ್ಲಿ 1947ರಲ್ಲಿ ವ್ಹೀಲರ್ ಪಂಡಿತರು ನಡೆಸಿದ ಉತ್ಖನನದಲ್ಲಿ ಇಂತಹ ನಾಣ್ಯಗಳು ಮಣ್ಣಿನ ಪದರಗಳ ಕಾಲನಿರ್ಣಯಕ್ಕೆ ನೆರವಾದುವು. ಅದರ ಮೇಲಣ ಮುದ್ರೆ ಚಕ್ರವರ್ತಿಯ ಮಾತು. ಅದು ಕನ್ನಡ ನೆಲವನ್ನು ಸೇರಿದುದು ಯಾರ ಸ್ತುತಿಯೂ ಅಲ್ಲ. ಅಡಿಸನ್ನನ ಪಾತ್ರಗಳು ನಾಣ್ಯದ ರೂಪವನ್ನು ಕೇಳುವುವು, ಅದರ ಊರನ್ನು ಕೇಳುವುದಿಲ್ಲ. ಊರಿನ ಹೆಸರನ್ನು ಬರೆದಿಡದೆ ನಾಣ್ಯವನ್ನು ಪೆಟ್ಟಿಗೆಗೆ ಸೇರಿಸುವ ಸಂಗ್ರಾಹಕನು ಆ ಸಾಕ್ಷಿಯ ಬಾಯನ್ನೇ ಮುಚ್ಚಿದಂತಾಗುವುದು.

ಕಾವ್ಯಪಾಠಕ್ಕೆ ಈ ಸಂವಾದಗಳು ಇಂದಿಗೂ ಉಪಾದೇಯ. ಚರಿತ್ರೆಗೆ ಮಾತ್ರ ಅವುಗಳ ಉತ್ಸಾಹವನ್ನು ಕೈಕೊಂಡು, ವಿಶ್ವಾಸವನ್ನು ಕೈಬಿಡತಕ್ಕದ್ದು.