ಬೀಗ ಗಟ್ಟಿ, ಬೀಗದ ಕೈ ಸಡಿಲ

ಉಪಗ್ರಹ ಟೀವಿಯ ಬಗ್ಗೆ ಪಾಠ ಮಾಡುವಾಗ ನಾವು ಸಾಮಾನ್ಯವಾಗಿ ಒಂದು ಮಾತು ಸೇರಿಸುತ್ತೇವೆ: 'ಸಂಕೇತಗಳು ಗೂಢಲಿಪಿಯಲ್ಲಿರುವುದರಿಂದ ಚಂದಾ ಕಟ್ಟದವರು ಕಾರ್ಯಕ್ರಮ ನೋಡಲಾರರು.' ಇದು ಅರ್ಧ ಸತ್ಯ. ಉಳಿದರ್ಧವನ್ನು 'ಕಾರ್ಡು ಹಂಚಿಕೆ' ಎಂಬ ಕಳ್ಳದಾರಿ ಬಯಲು ಮಾಡಿದೆ.

ಮೊದಲು ವ್ಯವಸ್ಥೆಯನ್ನು ನೋಡೋಣ. ಚಾವಣಿಯ ಮೇಲಿನ ಡಿಶ್ ಆಂಟೆನಾ ಉಪಗ್ರಹದಿಂದ ಬರುವ ಸೂಕ್ಷ್ಮತರಂಗಗಳನ್ನು ತನ್ನ ನಾಭಿಯಲ್ಲಿ ಕೂಡಿಸುತ್ತದೆ. ಅಲ್ಲಿರುವ ಎಲ್‌ಎನ್‌ಬಿ ಎಂಬ ಸಾಧನ ಅವುಗಳ ಆವೃತ್ತಿಯನ್ನು ಇಳಿಸಿ, ಕೇಬಲ್ ಮೂಲಕ ಸೆಟ್ ಟಾಪ್ ಬಾಕ್ಸಿಗೆ ಕಳುಹಿಸುತ್ತದೆ. ಡಿಶ್ಶಿನ ದಿಕ್ಕು, ಆವೃತ್ತಿ, ಧ್ರುವೀಕರಣ, ಸಿಂಬಲ್ ರೇಟ್ ಸರಿಯಾಗಿದ್ದರೆ ಸಂಕೇತ ಯಾರ ಮನೆಗಾದರೂ ಬರುತ್ತದೆ. 2004ರ ಡಿಸೆಂಬರಿನಲ್ಲಿ ಆರಂಭವಾದ ಡಿಡಿ ಡೈರೆಕ್ಟ್ ಪ್ಲಸ್ ಸೇವೆಗೆ ಇಷ್ಟೇ ಸಾಕಾಗಿತ್ತು; ಕಾರ್ಡು ಬೇಕಿರಲಿಲ್ಲ.

ಚಂದಾ ವಾಹಿನಿಗಳಿಗೆ ಮಾತ್ರ ಬೀಗ. ಯುರೋಪಿನ ಡಿವಿಬಿ ಕೂಟ 1994ರಲ್ಲಿ ಒಪ್ಪಿದ, ಮುಂದೆ ಹಲವು ದೇಶಗಳಲ್ಲಿ ಬಳಕೆಗೆ ಬಂದ ವಿಧಾನದಲ್ಲಿ ಬೀಗದ ಕೈ ಎಂದರೆ 64 ಬಿಟ್‌ಗಳ ಒಂದು ಸಂಖ್ಯೆ. ಕಂಟ್ರೋಲ್ ವರ್ಡ್ ಎಂದು ಅದರ ಹೆಸರು. ಸುಮಾರು 10 ಸೆಕೆಂಡಿಗೊಮ್ಮೆ ಅದು ಬದಲಾಗುತ್ತದೆ. ಈ ಸಂಖ್ಯೆಯೂ ಗೂಢಲಿಪಿಯಲ್ಲಿಯೇ ಬರುತ್ತದೆ. ಚಂದಾದಾರರ ಸ್ಮಾರ್ಟ್ ಕಾರ್ಡು ಅದನ್ನು ಬಿಡಿಸಿ ಪೆಟ್ಟಿಗೆಗೆ ಕೊಡುತ್ತದೆ.

ದೋಷವಿರುವುದು ಇಲ್ಲಿಯೇ. ಪ್ರಸಾರ ಎಲ್ಲರಿಗೂ ಒಂದೇ ಆದ್ದರಿಂದ ಆ ಕ್ಷಣದ ಬೀಗದ ಕೈಯೂ ಲಕ್ಷಾಂತರ ಮನೆಗಳಿಗೆ ಒಂದೇ. ಕಾರ್ಡಿನಿಂದ ಹೊರಬಿದ್ದ ಸಂಖ್ಯೆಯನ್ನು ಒಬ್ಬ ಚಂದಾದಾರ ಅಂತರಜಾಲದ ಮೂಲಕ ಹತ್ತಾರು ಪೆಟ್ಟಿಗೆಗಳಿಗೆ ರವಾನಿಸಿದರೆ ಅವೆಲ್ಲ ಚಿತ್ರ ತೋರಿಸುತ್ತವೆ. ನೀವೇ ಲೆಕ್ಕ ಹಾಕಿ. ವಾಹಿನಿಯೊಂದು ಸೆಕೆಂಡಿಗೆ 40 ಲಕ್ಷ ಬಿಟ್ ಬಳಸಿದರೆ 10 ಸೆಕೆಂಡಿಗೆ 4 ಕೋಟಿ ಬಿಟ್. ಅಷ್ಟನ್ನೂ ತೆರೆಯಲು 64 ಬಿಟ್ ಸಾಕು. ಅಂದರೆ ಸುಮಾರು 6 ಲಕ್ಷದಲ್ಲಿ ಒಂದು ಪಾಲು. ಎಷ್ಟೇ ನಿಧಾನದ ಸಂಪರ್ಕವೂ ಇಷ್ಟನ್ನು ಹೊರಬಲ್ಲದು. ಗೂಢಲಿಪಿಯನ್ನು ಯಾರೂ ಭೇದಿಸಬೇಕಾಗಿಯೇ ಇಲ್ಲ.

ಕಾರ್ಡು ಹಂಚಿಕೆ ಕಳ್ಳತನವೇ ಸರಿ. ನಾನು ಅದನ್ನು ಸಮರ್ಥಿಸುತ್ತಿಲ್ಲ. ಆದರೆ ಕಳ್ಳನನ್ನಷ್ಟೇ ದೂರಿದರೆ ವಿನ್ಯಾಸದ ದೋಷ ಮರೆಯಾಗುತ್ತದೆ. ಬೀಗದ ರಚನೆಯನ್ನೇ ಗುಟ್ಟಾಗಿಟ್ಟದ್ದೂ ಫಲಿಸಲಿಲ್ಲ. 2002ರಲ್ಲಿ ಹೊರಬಂದ ಒಂದು ತಂತ್ರಾಂಶದಿಂದ ಅದು ಬಯಲಾಯಿತು. ಕಾರ್ಡು ಮತ್ತು ಪೆಟ್ಟಿಗೆಯ ನಡುವಿನ ಮಾತನ್ನೂ ಗೂಢಲಿಪಿಗೆ ಒಳಪಡಿಸಿ, ಒಂದು ಕಾರ್ಡನ್ನು ಒಂದೇ ಪೆಟ್ಟಿಗೆಗೆ ಕಟ್ಟಿಹಾಕುವ ಏರ್ಪಾಡು ಆಮೇಲೆ ಬಳಕೆಗೆ ಬಂತು. ಕೋಟೆಗೆ ಎತ್ತರದ ಗೋಡೆ ಕಟ್ಟಿ, ದಿಡ್ಡಿ ಬಾಗಿಲನ್ನು ಕೊನೆಗೆ ನೆನೆದಂತಾಯಿತು.

ಶಿಕ್ಷಕ ಮಿತ್ರರೇ, ಇದು ಟೀವಿಗಷ್ಟೇ ಸಂಬಂಧಿಸಿದ ಪಾಠವಲ್ಲ. ಬ್ಯಾಂಕಿನ ಲೆಕ್ಕ ಎಷ್ಟೇ ಭದ್ರವಾಗಿದ್ದರೂ ಫೋನಿನಲ್ಲಿ ಒಟಿಪಿ ಹೇಳಿಬಿಟ್ಟರೆ ಹಣ ಹೋಗುತ್ತದೆ. ಅಲ್ಲಿಯೂ ಮುರಿಯುವುದು ಬೀಗವಲ್ಲ. 'ಬೀಗ ಎಷ್ಟು ಗಟ್ಟಿ?' ಎಂಬ ಪ್ರಶ್ನೆಯ ಜೊತೆಗೆ 'ಬೀಗದ ಕೈ ಎಲ್ಲೆಲ್ಲಿ ಹಾದು ಬರುತ್ತದೆ?' ಎಂದೂ ನಿಮ್ಮ ವಿದ್ಯಾರ್ಥಿಗಳನ್ನು ಕೇಳಿ. ಎರಡನೆಯದಕ್ಕೆ ಉತ್ತರ ಹುಡುಕಿದವರಿಗೆ ಮೊದಲನೆಯದರ ಮಿತಿ ತಾನಾಗಿಯೇ ತಿಳಿಯುತ್ತದೆ.